ಕಿಡ್ನಿ ಆಗಿಬರ್ಲಿಲ್ಲವಂತೆ

ನಿನ್ನೆ ಹಾಸನದಲ್ಲಿ ನೆಂಟರ ಮನೆ ಗೃಹಪ್ರವೇಶ. ಎರಡನೇ ಪಂಕ್ತೀಲಿ ಕೂತಿದ್ವಿ, ಕೋಸಂಬರಿ ಪಲ್ಯ ಎಲ್ಲ ಬಡಿಸಿ ಅನ್ನ ಬರೋ ಹೊತ್ತು, ಎದುರು ಸಾಲಲ್ಲಿದ್ದ ದೊಡ್ಡಮ್ಮ ಪಕ್ಕದವರಿಗೆ ಹೇಳ್ತಿದ್ದಾರೆ, ಪಿಸುಮಾತಲ್ಲೂ ಅಲ್ಲ, "ಹೆಂಡ್ತಿ ಕಿಡ್ನಿ ಅವನಿಗೆ ಆಗಿಬರ್ಲಿಲ್ಲ ನೋಡಿ, ಹಾಕಿಸ್ಕೊಂಡು ವರ್ಷ ತುಂಬೋದ್ರೊಳಗೆ ಕ್ಯಾನ್ಸರ್ ಬಂತು." ಅವನು ಅಂದಿದ್ದು ನನ್ನ ಅಣ್ಣನನ್ನ, ಕಿಡ್ನಿ ಕೊಟ್ಟಿದ್ದು ಅತ್ತಿಗೆ. ನನ್ನ ಪಕ್ಕದ ಎಲೆ ಅವರದ್ದೇ. ಸಾರು ಹಾಕಿಸ್ಕೊಂಡೋರು ಅನ್ನ ಕಲಸ್ಲೇ ಇಲ್ಲ. ಶುಭಕಾರ್ಯದ ಮನೇಲಿ ಜಗಳ ಬೇಡ ಅಂತ ನಾನು ಬಾಯಿ ಮುಚ್ಕೊಂಡಿದ್ದೆ, ಅದಕ್ಕೇ ರಾತ್ರಿಯೆಲ್ಲ ನಿದ್ದೆ ಇಲ್ಲ. ಈಗ ಬರೀತಿದೀನಿ.

ಅಣ್ಣನ ಕಥೆ ನಿಮಗೆ ಗೊತ್ತೇ ಇದೆ. ಕಿಡ್ನಿ ಕೆಟ್ಟು ಡಯಾಲಿಸಿಸ್, ಅದಕ್ಕೆ ಕೈಯ ರಕ್ತನಾಳ ಜೋಡಿಸಿ ಮಾಡೋ ಫಿಸ್ಟುಲಾ, ವಾರಕ್ಕೆ ಮೂರು ದಿನ ಆಸ್ಪತ್ರೆ. ಸತ್ತವರ ಅಂಗದಾನಕ್ಕೆ ಕಾಯೋರ ಜೀವಸಾರ್ಥಕತೆ ಪಟ್ಟೀಲಿ ಹೆಸರು ಬರೆಸಿ ಕಾಯೋಣ ಅಂತ ನಾವೆಲ್ಲ ಅಂದ್ರೂ ಅತ್ತಿಗೆ ಒಪ್ಲಿಲ್ಲ, ತಾವೇ ಕೊಟ್ರು. ಏಳು ತಿಂಗಳಿಗೆ ಅಣ್ಣನಿಗೆ ಸಂಜೆ ಸಂಜೆ ಜ್ವರ, ಕತ್ತಲ್ಲಿ ಗಂಟು. ಒಂದು ಕಡೆ ಬಯಾಪ್ಸೀನೂ ಮಾಡದೆ ಟಿಬಿ ಅಂತ ಮಾತ್ರೆ ಬರೆದುಕೊಟ್ಬಿಟ್ರು. ಕಸಿ ಮಾಡಿಸ್ಕೊಂಡೋರ ಗಂಟನ್ನ ಸೂಜಿ ಚುಚ್ಚದೆ, ತುಂಡು ತೆಗೆದು ನೋಡದೆ ಟಿಬಿ ಅನ್ನೋದು ಎಂಥಾ ಅನ್ಯಾಯ ಗೊತ್ತಾ, ಟಿಬಿ ಮಾತ್ರೆಗಳಲ್ಲಿ ರಿಫಾಂಪಿಸಿನ್ ಅನ್ನೋ ಔಷಧಿ ಇರುತ್ತೆ, ಅದು ರಕ್ತದಲ್ಲಿ ಟ್ಯಾಕ್ರೋಲಿಮಸ್, ಅಂದ್ರೆ ಹಾಕಿದ ಕಿಡ್ನೀನ ಮೈ ತಿರಸ್ಕರಿಸದಂಗೆ ತಡೆಯೋ ಔಷಧಿಯ ಮಟ್ಟಾನ ಪಾತಾಳಕ್ಕೆ ಇಳಿಸುತ್ತೆ, ಕಿಡ್ನೀನೇ ಕೈಬಿಟ್ಟು ಹೋಗಬಹುದಿತ್ತು. ನಮ್ಮ ಕಿಡ್ನಿ ಡಾಕ್ಟರು ನೋಡಿದ ದಿನವೇ ಅದನ್ನ ನಿಲ್ಲಿಸಿ ಬಯಾಪ್ಸಿಗೆ ಕಳಿಸಿದ್ರು. ಬಂದಿದ್ದು ಪಿಟಿಎಲ್‌ಡಿ, ಅಂಗ ಕಸಿ ಆದಮೇಲೆ ಬರೋ ಲಿಂಫೋಮಾ, ಅಂದ್ರೆ ಬಿಳಿ ರಕ್ತಕಣಗಳ ಕ್ಯಾನ್ಸರ್ ಜಾತಿಯ ಕಾಯಿಲೆ.

ಇದು ಯಾಕೆ ಬರುತ್ತೆ ಅಂತ ಹೇಳ್ತೀನಿ, ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳೋಳು ನಾನು, ಇದನ್ನ ಬಿಡಿಸಿ ಹೇಳೋಕೆ ನನ್ನಿಂದಾಗದಿದ್ರೆ ಇನ್ನೇನಕ್ಕೆ.

ಎಪ್‌ಸ್ಟೀನ್-ಬಾರ್ ಅಂತ ಒಂದು ವೈರಸ್. ಯುಗಾಂಡದಲ್ಲಿ ಡೆನಿಸ್ ಬರ್ಕಿಟ್ ಅನ್ನೋ ಸರ್ಜನ್ ಮಕ್ಕಳ ದವಡೆಯಲ್ಲಿ ಬೆಳೀತಿದ್ದ ಗಡ್ಡೆಗಳ ಬಗ್ಗೆ 1958ರಲ್ಲಿ ಬರೆದ್ರು, ಆ ಗಡ್ಡೆಯ ಕಣಗಳನ್ನ ಲಂಡನ್ನಲ್ಲಿ ಬೆಳೆಸಿ ಆಂಟನಿ ಎಪ್‌ಸ್ಟೀನ್, ಇವೋನ್ ಬಾರ್, ಬರ್ಟ್ ಅಚಾಂಗ್ ಮೂವರೂ ಸೇರಿ 1964ರಲ್ಲಿ ಈ ವೈರಸ್ ಕಂಡುಹಿಡಿದ್ರು. ಮನುಷ್ಯರಲ್ಲಿ ಕ್ಯಾನ್ಸರ್‌ಗೆ ಕಾರಣವಾಗೋ ವೈರಸ್‌ಗಳಲ್ಲಿ ಮೊದಲು ಸಿಕ್ಕಿದ್ದು ಇದೇ. ಹರಡೋದು ಎಂಜಲಿಂದ. ದೊಡ್ಡೋರಾದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನರ ಮೈಯಲ್ಲಿದೆ. ಅಜ್ಜಿ ಅಗಿದು ಬಾಯಿಗಿಟ್ಟ ಕೊಬ್ಬರಿ ಚೂರಲ್ಲಿ, ಅಮ್ಮ ಕಚ್ಚಿ ಕೊಟ್ಟ ಮಾವಿನ ಹೋಳಲ್ಲಿ ಬಂದು ನಮ್ಮ ಬಿ ಕಣಗಳೊಳಗೆ, ಅಂದ್ರೆ ಪ್ರತಿಕಾಯ ತಯಾರಿಸೋ ಬಿಳಿ ರಕ್ತಕಣಗಳೊಳಗೆ, ಸೇರ್ಕೊಂಡು ಸಾಯೋವರೆಗೂ ಅಲ್ಲೇ ಇರುತ್ತೆ. ಏನೂ ಮಾಡಲ್ಲ, ಯಾಕಂದ್ರೆ ಟಿ ಕಣಗಳು ಅನ್ನೋ ಇನ್ನೊಂದು ಜಾತಿ ಬಿಳಿ ರಕ್ತಕಣಗಳು ಹಗಲೂ ರಾತ್ರಿ ಕಾವಲು ಕಾಯ್ತಾವೆ, ತಲೆ ಎತ್ತಿದ ಕಣಾನ ಕೊಂದುಹಾಕ್ತಾವೆ. ದೊಡ್ಡಮ್ಮ, ಬಹುಶಃ ಇದು ನಿಮ್ಮ ಮೈಯಲ್ಲೂ ಇದೆ, ನನ್ನಲ್ಲೂ ಇದೆ.

ಕಿಡ್ನಿ ಹಾಕಿದಮೇಲೆ ಮೈ ಅದನ್ನ ಪರಕೀಯ ಅಂತ ತಿರಸ್ಕರಿಸಬಾರದಲ್ವಾ, ಅದಕ್ಕೇ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟೀರಾಯ್ಡ್ ಕೊಡ್ತಾರೆ. ಅವು ಕಟ್ಟಿಹಾಕೋದು ಆ ಟಿ ಕಣಗಳನ್ನೇ. ಕಾವಲಿಲ್ಲ ಅಂದಾಗ ವೈರಸ್ ತನ್ನ ಎಲ್‌ಎಂಪಿ-1 ಅನ್ನೋ ಪ್ರೋಟೀನನ್ನ ಬಿ ಕಣದ ಪೊರೇಲಿ ಕೂರಿಸುತ್ತೆ. ಸೋಂಕು ಬಂದಾಗ ಟಿ ಕಣ ಬಂದು ಬಿ ಕಣಕ್ಕೆ "ಹೆಚ್ಚು" ಅಂತ ಸೂಚನೆ ಕೊಡುತ್ತಲ್ಲ, ಅದೇ ಸೂಚನೇನ ಈ ಪ್ರೋಟೀನು ಯಾರೂ ಕೇಳದೇ ಬಿಡುವಿಲ್ಲದೆ ಕೊಡ್ತಾನೇ ಇರುತ್ತೆ. ಬಿ ಕಣಗಳು ಹೆಚ್ಚುತ್ತಾ ಹೋಗ್ತಾವೆ.

ಇನ್ನೊಂದು ಭಾಗ ಜೀನ್‌ದು, ನನಗೆ ಕ್ಲಾಸಲ್ಲಿ ಹೇಳೋಕೆ ತುಂಬಾ ಇಷ್ಟವಾದ ಪಾಠ ಅದು. ಬಿ ಕಣ ಪ್ರತಿಕಾಯ ತಯಾರಿಸಬೇಕಾದ್ರೆ ತನ್ನ ಡಿಎನ್‌ಎ ತಾನೇ ಕತ್ತರಿಸಿ ಬೇರೆ ಬೇರೆ ತುಂಡು ಜೋಡಿಸಿ ಹೊಲೀಬೇಕು, ಇದನ್ನ ತೋರಿಸಿದ್ದಕ್ಕೇ ಸುಸುಮು ಟೊನೆಗಾವಾ ಅವರಿಗೆ 1987ರ ನೊಬೆಲ್ ಬಂತು. ಕತ್ತರಿ ಆಡೋ ಜಾಗದಲ್ಲಿ ತಪ್ಪು ಹೊಲಿಗೆ ಬೀಳೋ ಅಪಾಯ ಇದ್ದೇ ಇದೆ. 8ನೇ ಕ್ರೋಮೋಸೋಮಲ್ಲಿರೋ ಮಿಕ್ ಜೀನು, ಅಂದ್ರೆ ಕಣಕ್ಕೆ ಬೆಳಿ, ಎರಡಾಗು ಅಂತ ಹೇಳೋ ಜೀನು, ಬಂದು 14ನೇದರಲ್ಲಿರೋ ಪ್ರತಿಕಾಯದ ಜೀನಿಗೆ ಅಂಟ್ಕೊಂಡ್ರೆ ಮುಗೀತು, ಬಿ ಕಣದಲ್ಲಿ ಆ ಜಾಗ ಯಾವಾಗಲೂ ಚಾಲೂ ಇರೋದ್ರಿಂದ ಮಿಕ್ ಕೂಡ ನಿಲ್ಲೋದೇ ಇಲ್ಲ. ಬರ್ಕಿಟ್ ಲಿಂಫೋಮಾ ಅಂದ್ರೆ ಇದೇ. ವೈರಸ್ಸು ಬಿ ಕಣಗಳನ್ನ ಹೆಚ್ಚಿಸ್ತಾ, ಸಾಯಬೇಕಾದ ಕಣಾನ ಬದುಕಿಸ್ತಾ ಹೋದಷ್ಟೂ ಇಂಥ ತಪ್ಪು ಹೊಲಿಗೆ ಉಳ್ಕೊಳ್ಳೋಕೆ ಅವಕಾಶ ಜಾಸ್ತಿ. ಹಂಗಂತ ಎಲ್ಲರಲ್ಲೂ ಎರಡೂ ಇರಲೇಬೇಕು ಅಂತಿಲ್ಲ, ಎಚ್‌ಐವಿ ಇರೋರಿಗೆ ಬರೋ ಬರ್ಕಿಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಗಡ್ಡೇಲಿ ಈ ವೈರಸ್ ಸಿಗೋದೇ ಇಲ್ಲ, ಮಿಕ್ ಮಾತ್ರ ಜಾಗ ಬಿಟ್ಟಿರುತ್ತೆ. ಅಣ್ಣನ ಗಡ್ಡೇಲಿ ವೈರಸ್ ಇತ್ತು, ಜೀನು ಜಾಗ ಬಿಟ್ಟಿದೆಯಾ ಅಂತ ನೋಡೋ ಫಿಶ್ ಟೆಸ್ಟಲ್ಲಿ ಮಿಕ್ ಸರಿಯಾಗೇ ಇತ್ತು. ಆ ರಿಪೋರ್ಟಿಗೆ ಕಾದ ದಿನಗಳಲ್ಲಿ ನಮ್ಮನೇಲಿ ಒಲೆ ಹಚ್ಚಿದ್ದು ಮಕ್ಕಳಿಗೋಸ್ಕರ ಮಾತ್ರ.

ಈಗ ಹೇಳಿ, ಇದರಲ್ಲಿ ಅತ್ತಿಗೆ ಕಿಡ್ನಿ ಮಾಡಿದ ತಪ್ಪೇನು? ಎಚ್‌ಐವಿ ಇರೋರಿಗೂ ಲಿಂಫೋಮಾ ಬರುತ್ತೆ, ಅವರಿಗೆ ಯಾರ ಹೆಂಡ್ತಿ ಕಿಡ್ನಿ ಹಾಕಿದ್ರು?

ಓದಿಕೊಂಡಿರೋ ಕಸಿನ್ ಒಬ್ಬ ಮೆಸೇಜ್ ಮಾಡಿದ್ದಾನೆ, ದಾನಿಯಿಂದಲೂ ಈ ವೈರಸ್ ಬರಬಹುದಲ್ವಾ ಅಂತ. ಬರಬಹುದು. ಈ ವೈರಸ್ ಒಮ್ಮೆಯೂ ತಗುಲದ ರೋಗಿಗೆ, ಅದರಲ್ಲೂ ಚಿಕ್ಕ ಮಕ್ಕಳಿಗೆ, ದೊಡ್ಡೋರ ಅಂಗ ಹಾಕಿದಾಗ ಅಪಾಯ ಜಾಸ್ತಿ, ಡಾಕ್ಟರುಗಳು ಹೆದರೋದೂ ಅಲ್ಲೇ. ಆದ್ರೆ ಅಣ್ಣನ ಫೈಲ್ ನನ್ನ ಹತ್ರಾನೇ ಇದೆ ಕಣೋ, ಆಪರೇಷನ್ನಿಗೆ ಮುಂಚಿನ ಟೆಸ್ಟಲ್ಲೇ ಅವನಿಗೆ ಇಬಿವಿ ಐಜಿಜಿ ಪಾಸಿಟಿವ್, ಅಂದ್ರೆ ಈ ಎಪ್‌ಸ್ಟೀನ್-ಬಾರ್ ವೈರಸ್ ಹಿಂದೆಯೇ ತಗುಲಿತ್ತು ಅನ್ನೋ ಗುರುತು. ವೈರಸ್ ಅವನಲ್ಲಿ ಮೊದಲೇ ಇತ್ತು. ಕಿಡ್ನಿ ಹಾಕಿಸ್ಕೊಂಡೋರಲ್ಲಿ ಗಡ್ಡೆಯ ಕಣಗಳೂ ಸಾಮಾನ್ಯವಾಗಿ ರೋಗಿಯದ್ದೇ ಆಗಿರ್ತಾವೆ, ದಾನಿಯದ್ದಲ್ಲ. ಒಂದು ವೇಳೆ ಅತ್ತಿಗೆಯಿಂದಲೇ ಬಂದಿದ್ರೂ ಅದನ್ನ ತಪ್ಪು ಅಂತೀಯಾ? ತಮ್ಮೊಳಗೆ ಇದೆ ಅಂತ ಗೊತ್ತಿಲ್ಲದೆ ಎಲ್ಲರೂ ಹೊತ್ಕೊಂಡು ತಿರುಗೋ ವೈರಸ್ ಅದು.

ಒಂದು ವಿಷಯ ಯಾರಿಗೂ ಹೇಳಿರ್ಲಿಲ್ಲ. ಬಯಾಪ್ಸಿ ರಿಪೋರ್ಟಲ್ಲಿ ವೈರಸ್ ಹೆಸರು ನೋಡಿದ ರಾತ್ರಿ ನಾನೂ ಫೋನಲ್ಲಿ ಹುಡುಕಿ, ದಾನಿಯಿಂದ ಬರಬಹುದು ಅನ್ನೋ ಒಂದು ಸಾಲು ಓದಿ, ಎದ್ದು ಹೋಗಿ ಅತ್ತಿಗೆ ಫೈಲ್ ತೆಗೆದು ನೋಡಿದೆ. ಬಾಗಿಲಲ್ಲಿ ಅತ್ತಿಗೆ ನಿಂತಿದ್ರು. "ನನ್ನಿಂದಾನೇನೆ?" ಅಂದ್ರು. ನಾನು ತಕ್ಷಣ ಅಲ್ಲ ಅನ್ಲಿಲ್ಲ. ಅಣ್ಣನ ಹಳೇ ರಿಪೋರ್ಟ್ ನನ್ನ ಕೈಗೆ ಸಿಕ್ಕಿದ್ದು ಮಾರನೇ ದಿನ. ಆ ಒಂದು ರಾತ್ರಿ ಅವರನ್ನ ಹಂಗೇ ಬಿಟ್ನಲ್ಲ, ದೊಡ್ಡಮ್ಮನ ಮೇಲೆ ನಿನ್ನೆ ಬಂದ ಸಿಟ್ಟಲ್ಲಿ ಅರ್ಧ ಅದರದ್ದೇ.

ಕಿಡ್ನಿಯೇ ಕಾರಣ ಆಗಿದ್ರೆ ಡಾಕ್ಟರು ಕಿಡ್ನಿ ತೆಗೀಬೇಕಿತ್ತು. ಅವರು ಮೊದಲು ಮಾಡಿದ್ದು ಮಾತ್ರೆ ಇಳಿಸಿದ್ದು. ಮೈಕೋಫಿನೋಲೇಟ್ ನಿಲ್ಲಿಸಿ ಟ್ಯಾಕ್ರೋಲಿಮಸ್ ಕಡಿಮೆ ಮಾಡಿದ್ರು, ಕಾವಲಿನವರ ಕಟ್ಟು ಸ್ವಲ್ಪ ಬಿಚ್ಚಿದಂಗೆ. ಹಿಂಗೆ ಮಾಡಿದ್ರೆ ಗಡ್ಡೆ ಕರಗಬಹುದು ಅಂತ ಅಂಗ ಕಸಿ ಸರ್ಜನ್ ಥಾಮಸ್ ಸ್ಟಾರ್ಜಲ್ ತಂಡ ಅಮೆರಿಕದಲ್ಲಿ 1984ರಲ್ಲೇ ತೋರಿಸಿತ್ತು. ಆಮೇಲೆ ವಾರಕ್ಕೊಂದರಂತೆ ನಾಲ್ಕು ರಿಟುಕ್ಸಿಮ್ಯಾಬ್, ಬಿ ಕಣಗಳನ್ನ ಕೊಲ್ಲೋ ಔಷಧಿ. ಮಿಕ್ ಜಾಗ ಬಿಟ್ಟಿದ್ರೆ ಇಷ್ಟರಲ್ಲಿ ಮುಗೀತಿರ್ಲಿಲ್ಲ, ಜೋರು ಕೀಮೋನೇ ಬೇಕಾಗ್ತಿತ್ತು. ಇದನ್ನ ಓದಿ ಯಾರೂ ನಿಮ್ಮ ಮಾತ್ರೆ ನೀವೇ ಕಡಿಮೆ ಮಾಡ್ಕೋಬೇಡಿ ದಯವಿಟ್ಟು, ಕಿಡ್ನಿ ಹೋಗುತ್ತೆ. ಅಣ್ಣನಿಗೆ ಪ್ರತಿ ವಾರ ರಕ್ತ ನೋಡಿ ನೋಡಿ ಇಳಿಸಿದ್ದು.

ಗಂಟು ಕರಗಿದೆ. ಕಿಡ್ನಿ ಹೆಂಗೆ ಕೆಲಸ ಮಾಡ್ತಿದೆ ಅಂತ ತೋರಿಸೋ ಕ್ರಿಯಾಟಿನಿನ್ 1.3. ಆಗಿಬರ್ಲಿಲ್ಲ ಅಂದ್ರಲ್ಲ, ಆ ಕಿಡ್ನಿ ಇವತ್ತೂ ಕೆಲಸ ಮಾಡ್ತಿದೆ.

ದೊಡ್ಡಮ್ಮ, ನಿಮ್ಮ ಸೊಸೆ ಇದನ್ನ ಓದಿ ಹೇಳ್ತಾಳೆ ಅಂತ ಗೊತ್ತು. ಅತ್ತಿಗೆಗೆ ಒಂದು ಫೋನ್ ಮಾಡಿ. ಮಧ್ಯಾಹ್ನ ಮೂರು ಗಂಟೆ ಮೇಲೆ ಬಿಡುವಾಗಿರ್ತಾರೆ.