ಬಿಸ್ಕತ್ತು ಹಾಕಿದರೆ ಮುಗಿಯಲಿಲ್ಲ

ಮುಂಬಯಿಯ ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಬೀದಿನಾಯಿಗಳ ಮಾತು ಬಂದರೆ ಸಾಕು, ಮನೆಗಳು ಎರಡು ಪಾಲಾಗುತ್ತವೆ. ನಾನು ಹದಿನಾಲ್ಕು ವರ್ಷಗಳಿಂದ ಅನ್ನ ಹಾಕುವವರ ಕಡೆಯವಳು. ಈಗಲೂ ಅದೇ ಕಡೆ ಇದ್ದೇನೆ. ಆದರೆ ನಮ್ಮವರಿಗೇ ಒಂದು ಮಾತು ಹೇಳಬೇಕಾಗಿದೆ.

ಕಳೆದ ಮಳೆಗಾಲದಲ್ಲಿ ಬಿ ವಿಂಗಿನ ಮೆಟ್ಟಿಲ ಕೆಳಗೆ ಕಂದು ಬಣ್ಣದ ಹೆಣ್ಣುನಾಯಿಯೊಂದು ಐದು ಮರಿ ಹಾಕಿತ್ತು. ಹೊರಗೆ ಬಿಡದೆ ಸುರಿಯುವ ಮಳೆ. ಬಾಣಂತಿ ಎಲ್ಲಿಗೆ ಹೋದೀತು ಎಂದು ನಾನೇ ಅಲ್ಲಿಗೆ ಹಾಲನ್ನ ಒಯ್ದು ಇಡುತ್ತಿದ್ದೆ. ಒಂಬತ್ತನೆಯ ದಿನ ಎರಡನೇ ಮಹಡಿಯ ಆರು ವರ್ಷದ ಹುಡುಗ ಉರುಳಿಹೋದ ಚೆಂಡನ್ನು ಹೆಕ್ಕಲು ಬಗ್ಗಿದ. ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು.

ಅವನ ಅಜ್ಜಿ ಕುಂದಾಪುರದವರು. ಅರಶಿನದ ಡಬ್ಬಿ ಹಿಡಿದೇ ಓಡಿ ಬಂದರು. "ಬೇಡ ಅಕ್ಕಾ, ಏನನ್ನೂ ಮೆತ್ತಬೇಡಿ" ಎಂದು ಮಗುವನ್ನು ಎತ್ತಿಕೊಂಡು, ಕಾರು ತೊಳೆಯುವ ನಲ್ಲಿಯ ಕೆಳಗೆ ಅವನ ಕಾಲು ಹಿಡಿದೆ. ಬಟ್ಟೆ ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆದೆ. ನಾಲ್ಕು ಹಲ್ಲಿನ ಗುರುತು. ನೊರೆ ಇಳಿದಂತೆಲ್ಲ ಮತ್ತೆ ಕೆಂಪು ಜಿನುಗುತ್ತಿತ್ತು. ಹುಡುಗ ಅಳುವುದನ್ನೂ ಮರೆತು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಆಸ್ಪತ್ರೆಯಲ್ಲಿ ಲಸಿಕೆಯ ಜೊತೆಗೆ ಗಾಯದ ಸುತ್ತಲೂ ರೇಬಿಸ್ ವಿರುದ್ಧ ಕೂಡಲೇ ರಕ್ಷಣೆ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಚುಚ್ಚಿದರು. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಲಸಿಕೆಯ ಕೊನೆಯ ಕಂತು ಮುಗಿಯುವವರೆಗೆ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಕಚ್ಚಿದ್ದು ನಾಯಿ. ಅದು ಮೆಟ್ಟಿಲ ಬುಡದಲ್ಲೇ ಬೇರು ಬಿಡುವಂತೆ ಮಾಡಿದ್ದು ನನ್ನ ತಟ್ಟೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಒಳಹೊರ ಹೋಗುವ ದಾರಿ ಇವುಗಳಿಂದ ದೂರದಲ್ಲಿ ಉಣಿಸಬೇಕು, ಆ ಜಾಗವನ್ನು ಎಲ್ಲರೂ ಒಪ್ಪಿ ಗುರುತಿಸಬೇಕು ಎಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲೇ ಇದೆ. ನಮಗೆ ಅನುಕೂಲವಾದ ಅರ್ಧವನ್ನಷ್ಟೇ ಓದಿ, ಉಣಿಸುವುದು ನಮ್ಮ ಹಕ್ಕು ಎಂದು ವಾದಿಸಿಕೊಂಡು ಬಂದೆವು.

ಮರುದಿನದ ಸಭೆಯಲ್ಲಿ ಇನ್ನೊಂದು ಕಡೆಯವರು ಹಳೆಯ ಮಾತನ್ನೇ ಎತ್ತಿದರು: ಎಲ್ಲವನ್ನೂ ಹಿಡಿಸಿ ದೂರ ಬಿಟ್ಟು ಬರೋಣ. ನನಗೆ ತಡೆಯಲಾಗಲಿಲ್ಲ. ಎರಡು ವರ್ಷದ ಹಿಂದೆ ಮಾಡಿದ್ದೂ ಅದನ್ನೇ ಅಲ್ಲವೇ? ಮರಿಯಾಗದಂತೆ ಶಸ್ತ್ರಚಿಕಿತ್ಸೆಯಾಗಿ, ಕಿವಿಗೆ ಅದರ ಗುರುತು ಮಾಡಿದ ನಮ್ಮ ಮೂರು ನಾಯಿಗಳು ಒಂದೇ ರಾತ್ರಿ ಕಾಣೆಯಾದವು. ತಿಂಗಳು ತುಂಬುವುದರೊಳಗೆ ಮಾರುಕಟ್ಟೆಯ ಕಡೆಯಿಂದ ನಾಲ್ಕು ಹೊಸ ನಾಯಿಗಳು ಬಂದು ಸೇರಿದವು, ಒಂದಕ್ಕೂ ಕಿವಿಯ ಗುರುತಿಲ್ಲ. ಈ ಕಂದು ನಾಯಿ ಅವುಗಳಲ್ಲೊಂದು. ಜಾಗ ಖಾಲಿ ಇದ್ದರೆ, ಕಸದಲ್ಲಿ ತಿನ್ನುವುದು ಸಿಗುವಂತಿದ್ದರೆ ಇನ್ನೊಂದು ಬಂದೇ ಬರುತ್ತದೆ. ಆಪರೇಷನ್ ಆದ ನಾಯಿಯನ್ನು ಹಿಡಿದಲ್ಲಿಗೇ ತಂದು ಬಿಡಬೇಕೆಂಬ ನಿಯಮದ ಹಿಂದಿರುವ ಲೆಕ್ಕವೂ ಇದೇ. ನಾಯಿಗಳನ್ನು ಕೊಲ್ಲಿಸುವ ಉಪಾಯವಂತೂ ಈ ಊರಿಗೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಇನಾಮು ಕೊಟ್ಟು ಕೊಲ್ಲಿಸಿದ್ದಕ್ಕೆ 1832ರಲ್ಲಿ ಪಾರ್ಸಿಗಳು ಅಂಗಡಿ ಮುಚ್ಚಿ ಬೀದಿಗಿಳಿದಿದ್ದರು. ಅಷ್ಟು ಕೊಂದರೂ ಮುಂಬಯಿಯಲ್ಲಿ ನಾಯಿಗಳು ಮುಗಿದವೇ?

ಮರಿಗಳು ಹಾಲು ಬಿಟ್ಟ ಮೇಲೆ ತಾಯಿಯನ್ನು ಆಪರೇಷನ್ನಿಗೆ ಕಳುಹಿಸಿದೆವು. ಕಿವಿಯ ಗುರುತಿನೊಂದಿಗೆ, ಲಸಿಕೆ ಹಾಕಿಸಿಕೊಂಡು ವಾಪಸು ಬಂದಿದೆ. ಊಟ ಈಗ ಪಂಪ್ ರೂಮಿನ ಹಿಂದೆ, ರಾತ್ರಿ ಹತ್ತರ ನಂತರ. ಬಿಸ್ಕತ್ತು ಹಾಕುವ ಪ್ರತಿಯೊಬ್ಬರೂ ಒಂದೊಂದು ನಾಯಿಯ ಹೊಣೆ ಹೊತ್ತು, ಅದರ ಆಪರೇಷನ್ ಆಗಿದೆಯೇ, ಈ ವರ್ಷದ ಲಸಿಕೆ ಬಿದ್ದಿದೆಯೇ ಎಂದು ನೋಡಿಕೊಳ್ಳಬೇಕು. ಅಷ್ಟು ಆಗದಿದ್ದರೆ ದಯವಿಟ್ಟು ಬಿಸ್ಕತ್ತನ್ನೂ ಹಾಕಬೇಡಿ.

ಇನ್ನು ಸಿ ವಿಂಗಿನ ಬೂದು ಬೆಕ್ಕು. ಮರಿಗಳು ಇನ್ನೂ ಮೊಲೆ ಉಣ್ಣುತ್ತಿರುವಾಗಲೇ ಬೆಕ್ಕು ಮತ್ತೆ ಗಬ್ಬವಾಗಬಲ್ಲದು, ಎರಡು ತಿಂಗಳಿಗೆ ಮತ್ತೊಂದು ಹೆರಿಗೆ. ಹಿಂದಿನ ಸಲದ ಮರಿಗಳಲ್ಲಿ ಎರಡು ಕಾರಿನ ಚಕ್ರದಡಿ ಸಿಕ್ಕಿದ್ದನ್ನು ವಾಚ್‌ಮನ್ ಬೆಳಗ್ಗೆ ಗುಡಿಸಿ ತೆಗೆದ. ಈಗಿನ ಮರಿಗಳು ತಾವೇ ತಿನ್ನಲು ಕಲಿತಿವೆ, ಇನ್ನು ತಡಮಾಡುವಂತಿಲ್ಲ. ತಾಯಿಬೆಕ್ಕನ್ನು ಹಿಡಿದು ಆಪರೇಷನ್ನಿಗೆ ಒಯ್ಯಲು ಬೋನು ತಂದಿಟ್ಟಿದ್ದೇನೆ. ಭಾನುವಾರ ಬೆಳಗ್ಗೆ ಆರು ಗಂಟೆಗೆ ಯಾರಾದರೂ ಒಬ್ಬರು ನನ್ನ ಜೊತೆಗೆ ಬನ್ನಿ. ಶನಿವಾರ ರಾತ್ರಿ ಮಾತ್ರ ಯಾರೂ ಅದಕ್ಕೆ ಮೀನು ಹಾಕಬೇಡಿ. ಹೊಟ್ಟೆ ತುಂಬಿದ್ದರೆ ಅದು ಬೋನಿನ ಹತ್ತಿರವೂ ಸುಳಿಯುವುದಿಲ್ಲ.