ಎಚ್‌ಪಿ ಲೆಕ್ಕದಲ್ಲಿ ಒಂದು ಮಾತು ಬಿಟ್ಟುಹೋಗಿದೆ
1 ಎಚ್‌ಪಿ (ಹಾರ್ಸ್‌ಪವರ್, ಅಶ್ವಶಕ್ತಿ) ಅಂದರೆ 746 ವ್ಯಾಟ್, ಹಾಗಾಗಿ 5 ಎಚ್‌ಪಿ ಮೋಟಾರ್ 3,730 ವ್ಯಾಟ್ ಎಳೆಯುತ್ತದೆ ಎಂದು ಬರೆದಿದ್ದೀರಿ. ಗುಣಾಕಾರ ಸರಿ, ಆದರೆ ಅದು ಶಾಫ್ಟ್‌ನಲ್ಲಿ (ಮೋಟಾರಿನ ತಿರುಗುವ ದಂಡದಲ್ಲಿ) ಸಿಗುವ ಶಕ್ತಿ ಅಲ್ವಾ? ಲೈನ್‌ನಿಂದ ಎಳೆಯುವುದು ಅದಕ್ಕಿಂತ ಜಾಸ್ತಿ. ದಕ್ಷತೆ, ಅಂದರೆ ಎಳೆದದ್ದರಲ್ಲಿ ಶಾಫ್ಟ್‌ಗೆ ಸಿಗುವ ಪಾಲು, ಶೇ. 85 ಎಂದುಕೊಳ್ಳಿ. 3,730 ಅನ್ನು 0.85ರಿಂದ ಭಾಗಿಸಿದರೆ ಸುಮಾರು 4,390 ವ್ಯಾಟ್. ಉಳಿದದ್ದು ಬಿಸಿಯಾಗಿ ಹೋಗುತ್ತದೆ.

ಆಂಪಿಯರ್ ಬೇಕಿದ್ದರೆ ಪವರ್ ಫ್ಯಾಕ್ಟರ್ (ವೋಲ್ಟ್ ಮತ್ತು ಆಂಪಿಯರ್ ಲೆಕ್ಕದ ಶಕ್ತಿಯಲ್ಲಿ ನಿಜವಾಗಿ ಬಳಕೆಯಾಗುವ ಪಾಲು) ಕೂಡ ಬೇಕು. ತ್ರೀ ಫೇಸ್, 415 ವೋಲ್ಟ್, ಪವರ್ ಫ್ಯಾಕ್ಟರ್ 0.8 ಆದರೆ 4,390 ÷ (1.732 × 415 × 0.8), ಅಂದರೆ ಸುಮಾರು 7.6 ಆಂಪಿಯರ್ (1.732 ಎಂದರೆ ತ್ರೀ ಫೇಸ್ ಲೆಕ್ಕಕ್ಕೆ ಬರುವ √3). ಸುಮ್ನೆ ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿದರೆ ಲೆಕ್ಕ ತಪ್ಪುತ್ತದೆ. ಸ್ಟಾರ್ಟ್ ಆಗುವಾಗಿನ ಕರೆಂಟ್ ಇದರ ಎಷ್ಟೋ ಪಟ್ಟು, ಅದು ಬೇರೆ ಕಥೆ.

ಅಂದಹಾಗೆ, ಮೆಟ್ರಿಕ್ ಎಚ್‌ಪಿ 735.5 ವ್ಯಾಟ್. ಹಾಗಾಗಿ ನೇಮ್‌ಪ್ಲೇಟ್‌ನಲ್ಲಿ (ಮೋಟಾರಿನ ಮೇಲಿನ ವಿವರ ಫಲಕದಲ್ಲಿ) ಕಿಲೋವ್ಯಾಟ್ ಇದ್ದರೆ ಎಚ್‌ಪಿ ಬದಲು ಅದನ್ನೇ ಹಿಡಿಯಿರಿ.