ಕೆಟ್ಟ ಆಥರ್ ಸಾಲನ್ನು ಗಿಟ್ ಓದಿಕೊಳ್ಳಬೇಕೇ?

ಪರ: ಹೇಗಿದ್ದರೂ ಓದಿಕೊಳ್ಳಲಿ

ಗಿಟ್ ಅಂದರೆ ಕೋಡ್‌ನ ಬದಲಾವಣೆಗಳ ಇತಿಹಾಸ ಇಟ್ಟುಕೊಳ್ಳುವ ಟೂಲ್. ಹಾಗೆ ದಾಖಲಾದ ಒಂದೊಂದು ಬದಲಾವಣೆಯೂ ಒಂದು ಕಮಿಟ್. ಪ್ರತಿ ಕಮಿಟ್‌ನಲ್ಲೂ ಆಥರ್, ಅಂದರೆ ಬರೆದವರು, ಯಾರು ಅಂತ ಹೇಳುವ ಒಂದು ಸಾಲು ಇರುತ್ತದೆ. ಮೊದಲು ಹೆಸರು, ಆಮೇಲೆ < > ಗುರುತುಗಳ ನಡುವೆ ಇಮೇಲ್, ಕೊನೆಗೆ ಸಮಯ. ಸಮಯ ಅಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು, ಪಕ್ಕದಲ್ಲಿ ಟೈಮ್‌ಝೋನ್. ನಮ್ಮದಾದರೆ +0530.

ಗಿಟ್ ತಾನೇ ಬರೆದರೆ ಈ ಸಾಲು ಕೆಡುವುದು ಅಪರೂಪ. ಗಿಟ್‌ಗೂ ಮುಂಚಿನ ಇಂಥದ್ದೇ ಟೂಲ್‌ಗಳಾದ ಸಿವಿಎಸ್, ಸಬ್‌ವರ್ಷನ್‌ನಿಂದ ಹಳೆಯ ಇತಿಹಾಸ ತಂದು ಸುರಿಯುವ ಸ್ಕ್ರಿಪ್ಟ್‌ಗಳದ್ದೇ ತಲೆನೋವು. ಅಲ್ಲಿ ಸಾಮಾನ್ಯವಾಗಿ ಬರೀ ಯೂಸರ್‌ನೇಮ್ ಇರುತ್ತದೆ. ಇಮೇಲ್ ಜಾಗಕ್ಕೆ ಸ್ಕ್ರಿಪ್ಟ್ ಏನೋ ಒಂದು ತುಂಬುತ್ತದೆ. ಆಗ ಇಂಥದ್ದು ಹುಟ್ಟುತ್ತದೆ:

ರಾಜು <ರಾಜು<ರಾಜು@ಊರು>> 1380000000 +0530

ಎಡದಿಂದ ಓದುತ್ತಾ ಹೋಗಿ, ಮೊದಲ > ಸಿಕ್ಕ ಕೂಡಲೇ ಇಮೇಲ್ ಮುಗಿಯಿತು ಅಂದುಕೊಂಡರೆ ಕೆಟ್ಟಿತು. ಮುಂದೆ ಸಮಯ ಇರಬೇಕಾದ ಕಡೆ ಇನ್ನೊಂದು > ಕೂತಿದೆ. ಬಲದಿಂದ ಓದಿ ನೋಡಿ. ಸಮಯದಲ್ಲಿ ಅಂಕಿ ಬಿಟ್ಟರೆ ಪ್ಲಸ್ಸು, ಮೈನಸ್ಸು ಅಷ್ಟೇ ಅಲ್ವಾ? ಹಾಗಾಗಿ ಕೊನೆಯ > ಹುಡುಕಿದರೆ ಸಾಕು, ತಾರೀಕು ಸುರಕ್ಷಿತ. ಗಿಟ್ ಈಗ ಹೀಗೇ ಓದುತ್ತದೆ.

ಸಾಲನ್ನೇ ತಿದ್ದಬಾರದಾ? ತಿದ್ದಿದರೆ ಆ ಕಮಿಟ್‌ನ ಹ್ಯಾಶ್ (ಒಳಗಿರುವುದನ್ನು ಲೆಕ್ಕಹಾಕಿ ಬರುವ ಗುರುತಿನ ಸಂಖ್ಯೆ) ಬದಲಾಗುತ್ತದೆ, ಅದರ ನಂತರ ಬಂದ ಅಷ್ಟೂ ಕಮಿಟ್‌ಗಳದ್ದೂ ಬದಲಾಗುತ್ತದೆ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯ ಒಂದು ಹಳೆಯ ಕಮಿಟ್‌ನಲ್ಲಿ ಟೈಮ್‌ಝೋನ್ ಸರಿಯಿಲ್ಲ. ಕಮಿಟ್‌ಗಳು ಸರಿಯಿವೆಯೇ ಅಂತ ನೋಡುವ ಗಿಟ್‌ನ ತಪಾಸಣೆ ಆನ್ ಮಾಡಿಕೊಂಡವರಿಗೆ ಆ ಲೈಬ್ರರಿ ಕ್ಲೋನ್ ಆಗುವುದಿಲ್ಲ, ಅಂದರೆ ಇಳಿಸಿಕೊಳ್ಳಲು ಬರುವುದಿಲ್ಲ. ಕೆಟ್ಟ ಟೈಮ್‌ಝೋನ್ ಕಂಡರೆ ಬಿಟ್ಟುಬಿಡು ಎನ್ನುವ ಸೆಟ್ಟಿಂಗ್ ಹಾಕಿಕೊಳ್ಳಿ ಅಂತ ಅವರ ರೀಡ್‌ಮಿ ಫೈಲ್‌ನಲ್ಲೇ ಬರೆದಿದ್ದಾರೆ. ಯಾವತ್ತೋ ಆದ ತಪ್ಪಿಗೆ ಇವತ್ತು ಕೋಡ್ ಇಳಿಸಿಕೊಳ್ಳುವವರು ಯಾಕೆ ಒದ್ದಾಡಬೇಕು?

ವಿರೋಧ: ಬಾಗಿಲಲ್ಲೇ ತಡೆಯಿರಿ

ಬಲದಿಂದ ಓದುವ ಉಪಾಯ ಜಾಣತನದ್ದೇ, ಒಪ್ಪೋಣ. ಆದರೆ ಅದು ಉಳಿಸಿದ್ದು ತಾರೀಕನ್ನು. ರಾಜುವಿನ ಇಮೇಲ್ ಯಾವುದು? ಗಿಟ್ ಒಂದು ಊಹಿಸುತ್ತದೆ. ಗಿಟ್‌ನ ಕಮಿಟ್ ಓದುವ ಬೇರೆ ಲೈಬ್ರರಿಗಳಾದ ಲಿಬ್‌ಗಿಟ್2, ಜೆಗಿಟ್ ಇವಕ್ಕೆಲ್ಲ ಸಾಲನ್ನು ಬಿಡಿಸಿ ಓದುವ ತಮ್ಮದೇ ಪಾರ್ಸರ್ ಇದೆ, ಅವೂ ಅದನ್ನೇ ಊಹಿಸುತ್ತವೆ ಅಂತ ಏನು ಗ್ಯಾರಂಟಿ? ಒಂದೇ ಕಮಿಟ್ ಎರಡು ಟೂಲ್‌ಗಳಲ್ಲಿ ಇಬ್ಬರ ಹೆಸರಿಗೆ ಬಿದ್ದರೆ ಯಾರನ್ನು ಕೇಳೋಣ?

ತಾರೀಕು ಸಿಗದೇ ಹೋದಾಗಲಂತೂ ಇನ್ನೂ ಮಜಾ. ಕಮಿಟ್‌ಗಳ ಪಟ್ಟಿ ತೋರಿಸುವ ಲಾಗ್‌ನಲ್ಲಿ 1970ರ ಜನವರಿ 1 ಅಂತ ಬರುತ್ತದೆ. ಗಿಟ್ ಹುಟ್ಟಿದ್ದೇ 2005ರಲ್ಲಿ! ‘ಗೊತ್ತಿಲ್ಲ’ ಅಂದಿದ್ದರೆ ವಾಸಿಯಿತ್ತು.

ಟೂಲ್ ತಾನೇ ಸರಿಮಾಡಲು ಹೋದಾಗ ಆಗುವ ಇನ್ನೊಂದು ಎಡವಟ್ಟು ನಮಗೇ ತಟ್ಟುವಂಥದ್ದು. ಹಳೆಯ ಗಿಟ್ ಹೆಸರಿನ ಕೊನೆಯ ಚುಕ್ಕಿಯನ್ನು ಕಸ ಅಂತ ತೆಗೆದುಹಾಕುತ್ತಿತ್ತು. ಇನಿಶಿಯಲ್ ಕೊನೆಗೆ ಹಾಕುವವರು ನಮ್ಮಲ್ಲಿ ಎಷ್ಟು ಜನ! ‘ಮಂಜುನಾಥ್ ಕೆ.’ ಅಂತ ಕೊಟ್ಟರೆ ‘ಮಂಜುನಾಥ್ ಕೆ’ ಅಂತ ಸೇರುತ್ತಿತ್ತು. ಚಿಕ್ಕ ವಿಷಯವೇ. ಆದರೂ ಹೆಸರು ಅವರದ್ದು, ಕೇಳದೆ ಸುಮ್ನೆ ಮುಟ್ಟುವುದು ಯಾಕೆ?

ಪುಶ್ ಆಗುವಾಗಲೇ, ಅಂದರೆ ಕಮಿಟ್ ಸರ್ವರ್‌ಗೆ ಹೋಗುವಾಗಲೇ, ಸರ್ವರ್ ತಡೆದರೆ ಸ್ಕ್ರಿಪ್ಟ್ ಬರೆದವರು ಅವತ್ತೇ ಸರಿಮಾಡುತ್ತಾರೆ, ಹ್ಯಾಶ್‌ನ ರಗಳೆಯೂ ಇಲ್ಲ. ಗಿಟ್‌ನಲ್ಲಿ ಈ ತಪಾಸಣೆ ಇದೆ, ಆದರೆ ನಾವಾಗಿ ಆನ್ ಮಾಡಬೇಕು. ಈಗಾಗಲೇ ಒಳಗೆ ಬಂದಿರುವ ಕೆಟ್ಟ ಕಮಿಟ್‌ಗಳಿಗೆ ಸ್ಕಿಪ್‌ಲಿಸ್ಟ್ ಇದೆ. ಅವುಗಳ ಹ್ಯಾಶ್ ಅದರಲ್ಲಿ ಬರೆದಿಟ್ಟರೆ ಅಷ್ಟಕ್ಕೆ ಮಾತ್ರ ವಿನಾಯಿತಿ. ಹೆಸರು, ಇಮೇಲ್ ಸರಿಯಾಗಿ ಕಾಣಬೇಕು ಅಂದರೆ ಯಾವುದರ ಬದಲು ಯಾವುದನ್ನು ತೋರಿಸಬೇಕು ಅಂತ ಹೇಳುವ ಮೇಲ್‌ಮ್ಯಾಪ್ ಫೈಲ್‌ನಲ್ಲಿ ಒಂದು ಸಾಲು ಸೇರಿಸಿ. ಕಮಿಟ್ ಹಾಗೇ ಇರುತ್ತದೆ, ತಿದ್ದಿದವರು ಯಾರು ಅನ್ನುವುದೂ ಇತಿಹಾಸದಲ್ಲಿ ಉಳಿಯುತ್ತದೆ.